ಇಸ್ತಾಂಬುಲಿನ ಟ್ರೇಗೆ ಬಿದ್ದ ತಿಪಟೂರಿನ ಎಣ್ಣೆ

ತಿಪಟೂರು, ಹೊರಡುವ ಮುಂಚೆ

ಇಸ್ತಾಂಬುಲಿಗೆ ಹೋಗಿ ಬಂದವರು ಮಸೀದಿ, ಅರಮನೆಗಳ ಬಗ್ಗೆ ಬರೆಯುತ್ತಾರೆ. ನಾನು ಹನ್ನೊಂದು ದಿನ ಅಲ್ಲಿದ್ದು ಒಂದು ಮಸೀದಿಯನ್ನು ಹೊರಗೆ ನಿಂತು, ಇನ್ನೊಂದನ್ನು ಟ್ರಾಮಿನ ಕಿಟಕಿಯಿಂದ ನೋಡಿದೆ. ಅರಮನೆಗೆ ಹೋದ ದಿನ ಅದಕ್ಕೆ ವಾರದ ರಜೆ. ಮಿಕ್ಕ ಹೊತ್ತನ್ನೆಲ್ಲ ಒಂದು ಟ್ರೇ ನೀರು ನೋಡುತ್ತ ಕಳೆದೆ. ಆ ಊರಿನ ಬಗ್ಗೆ ತಿಳಿಯಬೇಕೆನ್ನುವವರು ಬೇರೆ ಯಾರನ್ನಾದರೂ ಕೇಳಿಕೊಳ್ಳುವುದು ಒಳ್ಳೆಯದು.

ನಾನು ತಿಪಟೂರಿನಲ್ಲಿ ಪುಸ್ತಕಗಳಿಗೆ ಬೈಂಡ್ ಹಾಕುವವನು. ಶಾಲೆಗಳ ಹಾಜರಿ ಪುಸ್ತಕ, ಮಠಗಳ ಹಳೇ ಪುರಾಣ, ಲೈಬ್ರರಿಯಲ್ಲಿ ಬೆನ್ನು ಕಿತ್ತುಹೋದ ಕಾದಂಬರಿ, ಎಲ್ಲವೂ ನನ್ನ ಅಂಗಡಿಗೆ ಬರುತ್ತವೆ. ಹಳೇ ಪುಸ್ತಕದ ರಟ್ಟು ತೆರೆದರೆ ಒಳಗಡೆ ಬಣ್ಣಬಣ್ಣದ ಸುಳಿಗಳಿರುವ ಕಾಗದ ಅಂಟಿಸಿರುತ್ತಾರಲ್ಲ, ಅದನ್ನು ನಾವು ಮಾರ್ಬಲ್ ಪೇಪರ್ ಅನ್ನುತ್ತೇವೆ. ಈಗ ಬರುವುದೆಲ್ಲ ಪ್ರಿಂಟ್ ಹೊಡೆದದ್ದು. ಕೈಯಲ್ಲಿ ಮಾಡಿದ ಹಳೇ ಕಾಗದದ ತುಂಡುಗಳನ್ನು ನಾನು ಎಸೆಯದೆ ಒಂದು ಕಟ್ಟು ಮಾಡಿ ಇಟ್ಟುಕೊಂಡಿದ್ದೆ. 

ಎಲಿಫ್ ಎಂಬ ಟರ್ಕಿ ದೇಶದ ಹೆಣ್ಣುಮಗಳು ತುರುವೇಕೆರೆ ಕಡೆಯ ಮಠವೊಂದರಲ್ಲಿ ಹಳೇ ಪುಸ್ತಕಗಳ ಹೊದಿಕೆ ನೋಡಲು ಬಂದಿದ್ದಳು. ಅವಳದೇ ನೋಟ್‌ಬುಕ್ಕಿನ ಬೆನ್ನು ಕಿತ್ತುಹೋಗಿ ನನ್ನ ಅಂಗಡಿಗೆ ಬಂದಳು. ಆ ಕಟ್ಟನ್ನು ಕಂಡವಳು ನೆಲದ ಮೇಲೆ ಕೂತು ಒಂದೊಂದೇ ತುಂಡು ತೆಗೆದು ನೋಡಿದಳು. ಅವಳ ದೊಡ್ಡಪ್ಪ ಇಸ್ತಾಂಬುಲಿನಲ್ಲಿ ಇಂಥ ಕಾಗದ ಮಾಡುವ ಉಸ್ತಾ, ಅಂದರೆ ಮೇಸ್ತ್ರಿ. ವರ್ಷಕ್ಕೊಮ್ಮೆ ಹತ್ತು ದಿನ ಕಲಿಸುತ್ತಾರೆ, ಬನ್ನಿ ಅಂದಳು. ನಮ್ಮಿಬ್ಬರ ಮಾತೆಲ್ಲ ಹರಕು ಇಂಗ್ಲಿಷಿನಲ್ಲಿ. ಬರುತ್ತೇನೆ ಅಂದೆ. ಇಂಥ ಮಾತಿಗೆಲ್ಲ ನಾನು ಹಾಗೇ ಅನ್ನುವುದು. ಆದರೆ ಈ ಸಲ ನಿಜವಾಗಿ ಹೊರಟೆ, ಅದಕ್ಕೊಂದು ಕಾರಣವಿತ್ತು.

ಒಂದು ವರ್ಷದಿಂದ ನನ್ನ ಬಲಗೈ ನಡುಗುತ್ತಿತ್ತು. ಬೈಂಡಿಂಗ್ ಕೆಲಸದಲ್ಲಿ ಕತ್ತಿ ನೇರ ಹೋಗಬೇಕು, ಸೂಜಿ ಹಾಕಿದ ತೂತಿಗೇ ಹೋಗಬೇಕು. ಎರಡು ಪುಸ್ತಕ ಸೊಟ್ಟಗೆ ಕತ್ತರಿಸಿದ್ದೆ. ತುಮಕೂರಿನ ಡಾಕ್ಟರು, ಇದು ಹೀಗೇ ಇರುತ್ತದೆ, ಹೆಚ್ಚಾಗದ ಹಾಗೆ ನೋಡಿಕೊಳ್ಳೋಣ ಅಂದು ಮಾತ್ರೆ ಬರೆದರು. ಊರಿನಲ್ಲಿ ಕೇಳಿದವರಿಗೆಲ್ಲ ನಾವು 'ಕೈ ಉಳುಕಿದೆ' ಅಂತ ಹೇಳುತ್ತಿದ್ದೆವು. ವರ್ಷವಾದರೂ ಹೋಗದ ಉಳುಕನ್ನು ತಿಪಟೂರಿನ ಜನ ನಂಬಿದರೋ, ನಂಬಿದಂತೆ ಇದ್ದರೋ, ಕೇಳಲಿಲ್ಲ. ಕತ್ತಿ ಸೂಜಿ ಬೇಡದ ಕೆಲಸ ಈ ಕಸುಬಿನಲ್ಲಿ ಒಂದಾದರೂ ಇದ್ದರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕುವುದೇ. ನನಗೆ ಬೇರೆ ಏನೂ ಬರುವುದಿಲ್ಲ. ಈ ಲೆಕ್ಕಾಚಾರದಲ್ಲಿ ವಿಮಾನ ಹತ್ತಿದೆ.

ನನ್ನ ಹೆಂಡತಿ ಪಾರ್ವತಿಯೂ ಬಂದಳು. ಕಾರಣ, ಕೈಗೆ ಎಣ್ಣೆ ಉಜ್ಜುವವರು ಯಾರು? ಅವಳ ತವರು ಹಂದನಕೆರೆ. ತವರಿನ ತೋಟದ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿ ತಂದ ಎಣ್ಣೆಯನ್ನು ಬೆಚ್ಚಗೆ ಮಾಡಿ, ದಿನಾ ಬೆಳಿಗ್ಗೆ ಅರ್ಧ ಗಂಟೆ ನನ್ನ ಬಲಗೈಯನ್ನು ಮೊಣಕೈಯಿಂದ ಬೆರಳಿನ ತುದಿವರೆಗೆ ನೀವುತ್ತಾಳೆ. ಒಂದು ದಿನವೂ ತಪ್ಪಿಸಿರಲಿಲ್ಲ.

"ಅಲ್ಲೂ ಎಣ್ಣೆ ಸಿಗುತ್ತೆ ಕಣೇ," ಅಂದೆ.

"ಸಿಗುತ್ತೆ ಬುಡಿ. ಅದು ಎಣ್ಣೆನಾ?" ಅಂದು ಎರಡು ಲೀಟರಿನ ಕ್ಯಾನನ್ನು ಮೂರು ಕವರಿನಲ್ಲಿ ಸುತ್ತಿ, ಮೇಲೆ ನನ್ನ ಪಂಚೆ ಸುತ್ತಿ ಸೂಟ್‌ಕೇಸಿನಲ್ಲಿ ಇಟ್ಟಳು.

ಮೊದಲ ದಿನ

ಎಣ್ಣೆ ಒಂದು ತೊಟ್ಟೂ ಚೆಲ್ಲದೆ ತಲುಪಿತು. ನನ್ನ ಬಟ್ಟೆಗಳಿದ್ದ ಇನ್ನೊಂದು ಸೂಟ್‌ಕೇಸು ಎರಡು ದಿನ ತಡವಾಗಿ ಬಂತು.

ಎಲಿಫಳ ದೊಡ್ಡಪ್ಪ ರಿಜಾ ಉಸ್ತಾ ಎಪ್ಪತ್ತು ದಾಟಿದ ಗಿಡ್ಡ ಮನುಷ್ಯ, ಬಿಳೀ ಮೀಸೆ. ಬಾಗಿಲಲ್ಲೇ ನಮ್ಮಿಬ್ಬರ ಅಂಗೈಗೆ ನಿಂಬೆ ವಾಸನೆಯ ಸೆಂಟು ಸುರಿದರು. ಅಲ್ಲಿ ಮನೆಗೆ ಬಂದವರಿಗೆ ಹಾಗೆ ಮಾಡುತ್ತಾರಂತೆ. ಪಾರ್ವತಿ ಅದನ್ನು ತೀರ್ಥ ಅಂದುಕೊಂಡು ಇನ್ನೇನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಎಲಿಫ್ ಓಡಿಬಂದು ಕೈ ಹಿಡಿದಳು.

ಕೆಲಸ ನೋಡುವುದಕ್ಕೆ ಸುಲಭ. ಬೇಕರಿಯಲ್ಲಿ ಬನ್ನು ಜೋಡಿಸುವಂಥ ಅಗಲವಾದ ತಗಡಿನ ಟ್ರೇ. ಅದರಲ್ಲಿ ಒಂದು ಬಗೆಯ ಗೋಂದು ನೆನೆಸಿದ ನೀರು, ಮೆಂತ್ಯ ನೆನೆಸಿದ ನೀರಿನ ಹಾಗೆ ಲೋಳೆಲೋಳೆ. ಕುದುರೆ ಕೂದಲನ್ನು ಗುಲಾಬಿ ಕಡ್ಡಿಗೆ ಕಟ್ಟಿದ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ, ಬೆರಳಿಗೆ ತಟ್ಟಿದರೆ ಹನಿಗಳು ನೀರಿನ ಮೇಲೆ ಬಿದ್ದು ಮುಳುಗದೆ ಅಗಲವಾಗುತ್ತವೆ. ಕಡ್ಡಿಯಿಂದ ಎಳೆದರೆ ಸುಳಿಯಾಗುತ್ತದೆ. ಅದರ ಮೇಲೆ ಕಾಗದವನ್ನು ಒಂದು ಮೂಲೆಯಿಂದ ಮೆಲ್ಲಗೆ ಮಲಗಿಸಿ, ಎತ್ತಬೇಕು. ಬಣ್ಣವೆಲ್ಲ ಕಾಗದಕ್ಕೆ ಬಂದಿರುತ್ತದೆ. ಕತ್ತಿ ಇಲ್ಲ, ಸೂಜಿ ಇಲ್ಲ. ನನಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು.

ಬಣ್ಣ ಮುಳುಗದ ಹಾಗೆ ಅದಕ್ಕೆ ಎತ್ತಿನ ಪಿತ್ತ ಬೆರೆಸುತ್ತಾರೆ ಎಂಬುದನ್ನು ಎಲಿಫ್ ಮಧ್ಯಾಹ್ನ ಊಟದ ಹೊತ್ತಿಗೆ ಹೇಳಿದಳು. ಪಾರ್ವತಿ ತಿನ್ನುತ್ತಿದ್ದ ಬ್ರೆಡ್ಡನ್ನು ಕೆಳಗಿಟ್ಟಳು. "ಶಿವನೇ! ಎತ್ತಿಂದೇನ್ರೀ? ಸಂಜೆ ಸ್ನಾನ ಮಾಡ್ದೆ ಇಷ್ಟಲಿಂಗ ಮುಟ್ಬೇಡಿ ಮತ್ತೆ," ಅಂದಳು. ಅವತ್ತಿನಿಂದ ನಾನು ದಿನಕ್ಕೆರಡು ಸ್ನಾನ ಮಾಡಿದೆ. ಹೋಟೆಲಿನವರು ನಮ್ಮನ್ನು ಬಹಳ ಶುಚಿಯಾದ ಜನ ಅಂದುಕೊಂಡಿರಬೇಕು.

ಮೂರನೆಯ ದಿನ

ನನ್ನ ಟ್ರೇಯಲ್ಲಿ ತೂತು ಬೀಳುತ್ತಿತ್ತು.

ನಮ್ಮ ಜೊತೆ ಇನ್ನೂ ಏಳು ಜನ ಕಲಿಯುತ್ತಿದ್ದರು. ಅವರ ನೀರಿನ ಮೇಲೆ ಬಣ್ಣ ಮೋಡದ ಹಾಗೆ ಕೂಡಿಕೊಳ್ಳುತ್ತಿತ್ತು. ನನ್ನದರಲ್ಲಿ ಎಲ್ಲೆಂದರಲ್ಲಿ ಬಿಳೀ ಕಣ್ಣು ತೆರೆದುಕೊಳ್ಳುತ್ತಿತ್ತು. ಕಾಗದ ಎತ್ತಿದರೆ ಸಿಡುಬು ಎದ್ದ ಮುಖ. ಉಸ್ತಾ ಬಂದು ನೋಡಿ, ನೀರು ಚೆಲ್ಲಿ ಹೊಸ ನೀರು ಹಾಕಿದರು. ಮತ್ತೆ ತೂತು. ಕಾಗದ ಬದಲಾಯಿಸಿದರು. ತೂತು. ಟ್ರೇಯನ್ನೇ ಬದಲಾಯಿಸಿ, ನನ್ನ ಟ್ರೇಯನ್ನು ಪಕ್ಕದ ಜರ್ಮನ್ ಮೇಡಮ್ಮಿಗೆ ಕೊಟ್ಟರು. ಆಗ ಆಕೆಗೂ ತೂತು ಬಿತ್ತು, ನನಗೂ ಬಿತ್ತು. ಆಕೆ ನನ್ನ ಕಡೆ ನೋಡುವುದನ್ನು ಬಿಟ್ಟರು.

ಇದರ ನಡುವೆ ಇನ್ನೊಂದು ತಾಪತ್ರಯ. ಆ ದೇಶದಲ್ಲಿ 'ಇಲ್ಲ' ಅನ್ನಬೇಕಾದರೆ ಹುಬ್ಬೆತ್ತಿ ಗದ್ದ ಮೇಲಕ್ಕೆ ಮಾಡುತ್ತಾರೆ. ನಮ್ಮಲ್ಲಿ ಅದು 'ಏನು?' ಅಂತ ಕೇಳಿದ ಹಾಗೆ. ನಾನು "ಬಣ್ಣ ಹೀಗೆ ಹಾಕಲಾ ಉಸ್ತಾ?" ಅನ್ನುವುದು, ಅವರು ಹುಬ್ಬೆತ್ತುವುದು. ಕೇಳಿಸಲಿಲ್ಲವೇನೋ ಅಂತ ನಾನು ಇನ್ನೂ ಜೋರಾಗಿ ಕೇಳುವುದು, ಅವರು ಇನ್ನೂ ಮೇಲಕ್ಕೆ ಹುಬ್ಬೆತ್ತುವುದು. ಎರಡು ದಿನ ಹೀಗೇ ನಡೆಯಿತು. ಅವರಿಗೆ ನಾನು ಹಟಮಾರಿಯಾಗಿ ಕಂಡೆ, ನನಗೆ ಅವರು ಕಿವುಡರಾಗಿ ಕಂಡರು.

"ಏನಂತೆ ಆ ಯಜಮಾನ್ರು?" ಪಾರ್ವತಿ ಸಂಜೆ ಕೇಳಿದಳು.

"ನೀರು ಸರಿ ಇಲ್ವಂತೆ," ಅಂದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಇದೂ ನನ್ನ ಕೈಯಿಂದಲೇ ಆಗುತ್ತಿದೆ, ನಡುಗುವ ಕೈ ಏನು ಮುಟ್ಟಿದರೂ ಕೆಡುತ್ತದೆ ಅನ್ನಿಸಿತ್ತು.

ಐದನೆಯ ದಿನ

ಕಾರ್ಯಾಗಾರದಲ್ಲಿ ಪಾಶಾ ಅಂತ ಒಂದು ಬೂದು ಬೆಕ್ಕಿತ್ತು. ಇಸ್ತಾಂಬುಲಿನಲ್ಲಿ ಬೆಕ್ಕುಗಳಿಗೆ ನಮ್ಮೂರಿನ ಬಸವನಿಗಿರುವಷ್ಟು ಸಲಿಗೆ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಮಲಗಿದ ಕಡೆಯಿಂದ ಯಾರೂ ಎಬ್ಬಿಸುವುದಿಲ್ಲ. ಈ ಪಾಶಾ ಐದು ದಿನದಿಂದಲೂ ದಿನಾ ಬೆಳಿಗ್ಗೆ ನಾನು ಬಂದ ತಕ್ಷಣ ಮೇಜು ಹತ್ತಿ ನನ್ನ ಬಲಗೈ ನೆಕ್ಕುತ್ತಿತ್ತು. ನನಗೆ ಒಳಗೊಳಗೇ ಹೆಮ್ಮೆ. ಬೆಕ್ಕಿಗೆ ಒಳ್ಳೆಯ ಜನ ಗೊತ್ತಾಗುತ್ತದೆ ಅಂದುಕೊಂಡಿದ್ದೆ.

ಅವತ್ತು ಉಸ್ತಾ ಟೀ ಗ್ಲಾಸು ಹಿಡಿದು ಅದನ್ನೇ ನೋಡುತ್ತ ನಿಂತರು. ಬೆಕ್ಕು ನನ್ನ ಮಣಿಕಟ್ಟು ಮುಗಿಸಿ ಬೆರಳಿಗೆ ಬಂತು. ಉಸ್ತಾ ಗ್ಲಾಸು ಕೆಳಗಿಟ್ಟು ಬಂದು ನನ್ನ ಕೈ ಹಿಡಿದು ಮೂಸಿ ನೋಡಿದರು. ಆಮೇಲೆ ಎಲಿಫಳನ್ನು ಕರೆದು ಬಹಳ ಹೊತ್ತು ಏನೋ ಹೇಳಿದರು.

ಎಲಿಫ್ ಮುಖ ಕೆಂಪಗೆ ಮಾಡಿಕೊಂಡು ಕೇಳಿದಳು: "ನೀವು ಕೈಗೆ ಏನಾದರೂ ಹಚ್ಚುತ್ತೀರಾ?"

ನಾನು ಉತ್ತರ ಕೊಡುವ ಮೊದಲೇ ಪಾರ್ವತಿ ಮೂಲೆಯ ಕುರ್ಚಿಯಿಂದ ಎದ್ದು ಬಂದಳು. "ಕೊಬ್ರಿ ಎಣ್ಣೆ ಕಣವ್ವಾ. ನಮ್ ತೋಟದ್ದೇ. ಬೇಕಾದ್ರೆ ಹೇಳು, ಕೊಡ್ತೀನಿ," ಅಂದಳು. ಕನ್ನಡದಲ್ಲೇ ಹೇಳಿದಳು. ಪಾರ್ವತಿ ಅಲ್ಲಿ ಯಾರ ಜೊತೆಗೂ ಬೇರೆ ಭಾಷೆ ಆಡಲಿಲ್ಲ, ಯಾರಿಗೂ ಅರ್ಥವಾಗದೆಯೂ ಇರಲಿಲ್ಲ.

ನಾನು ಇಂಗ್ಲಿಷಿಗೆ ತಂದದ್ದನ್ನು ಎಲಿಫ್ ತನ್ನ ಭಾಷೆಯಲ್ಲಿ ಹೇಳಿದಾಗ ಏಳು ಜನರೂ ನನ್ನ ಕೈ ನೋಡಿದರು. ಈ ಕೆಲಸಕ್ಕೆ ಎಣ್ಣೆ ಅಂದರೆ ವೈರಿ. ಒಂದು ಹನಿಯ ಒಂದು ಚೂರು ಬಿದ್ದರೂ ಬಣ್ಣ ಆ ಜಾಗ ಬಿಟ್ಟು ಓಡುತ್ತದೆ. ಉಸ್ತಾ ಅಂಗಡಿ ತೆರೆದಾಗಿನಿಂದ ಅಲ್ಲಿಗೆ ಬೆಣ್ಣೆ ತಿಂದ ಕೈ ಬಂದಿದೆ, ಕ್ರೀಮು ಹಚ್ಚಿದ ಕೈ ಬಂದಿದೆ. ಮೊಣಕೈವರೆಗೆ ಗಾಣದ ಎಣ್ಣೆ ಕುಡಿದ ಕೈ ಇದೇ ಮೊದಲಂತೆ. ತಿಪಟೂರಿನಿಂದ ಬಂದವನಿಗೆ ಎಣ್ಣೆಯೂ ಒಂದು ಕೊಳೆ ಅಂತ ಹೊಳೆಯುವುದಾದರೂ ಹೇಗೆ?

"ಕೈ ಒಣಗಿರಬೇಕಂತೆ. ಇನ್ನು ಮೇಲೆ ಎಣ್ಣೆ ಬೇಡವಂತೆ," ಅಂತ ಪಾರ್ವತಿಗೆ ಹೇಳಿದೆ.

ಅವಳು ಉಸ್ತಾರ ಮುಖ ನೋಡಿದಳು, ನನ್ನ ಕೈ ನೋಡಿದಳು. "ಎಣ್ಣೆ ಬುಟ್ರೆ ಜಾಸ್ತಿ ಆಗಲ್ವೇನ್ರೀ?" ಅಂದಳು. ಮೆಲ್ಲಗೆ ಅಂದಳು, ಅಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ ಅನ್ನುವುದು ಆಗ ಮಾತ್ರ ಅವಳಿಗೆ ಮರೆತುಹೋಗಿತ್ತು.

ಅವತ್ತು ಸಂಜೆ ತಲೆಸ್ನಾನಕ್ಕೆ ಅಂತ ತಂದಿದ್ದ ಸೀಗೆಪುಡಿಯನ್ನು ಕಲಸಿ ನನ್ನ ಕೈ ಉಜ್ಜಿದಳು. ಮೂರು ಸಲ ಉಜ್ಜಿ, ಮೂರು ಸಲ ತೊಳೆದಳು. ಚರ್ಮ ಸುಣ್ಣ ಹೊಡೆದ ಗೋಡೆಯ ಹಾಗಾಯಿತು. 

ಏಳನೆಯ ದಿನ

ತೂತು ಹೋಯಿತು. ತೂತು ಹೋದ ಮೇಲೆ ಗೆರೆ ಕಾಣಿಸಿತು.

ಕಾಗದ ಮಲಗಿಸುವಾಗ ಕೈ ಒಂದೇ ಹದದಲ್ಲಿ ಇಳಿಯಬೇಕು. ಎಲ್ಲಿ ತಡೆಯಿತೋ ಅಲ್ಲಿ ಗೆರೆ ಬೀಳುತ್ತದೆ. ನನ್ನ ಕೈ ಮೂಲೆಯಿಂದ ಮೂಲೆಗೆ ತಡೆಯುತ್ತಲೇ ಇಳಿಯುತ್ತಿತ್ತು. ಕಾಗದದ ಉದ್ದಕ್ಕೂ ಅಲೆ ಅಲೆ, ಒಂದು ಕಡೆ ದಟ್ಟ, ಒಂದು ಕಡೆ ತಿಳಿ. ಇಷ್ಟು ದಿನ ತೂತಿನ ಗಲಾಟೆಯಲ್ಲಿ ಅದನ್ನು ಯಾರೂ ಗಮನಿಸಿರಲಿಲ್ಲ. ಈಗ ನನ್ನ ಕೈಯ ಸಂಗತಿಯೆಲ್ಲ ಹಗ್ಗದ ಮೇಲೆ ಒಣಗಲು ಹಾಕಿದ ಹನ್ನೆರಡು ಹಾಳೆಗಳಲ್ಲಿ ಬರೆದಿಟ್ಟ ಹಾಗಿತ್ತು.

ಉಸ್ತಾ ಆ ಹಾಳೆಗಳ ಮುಂದೆ ನಿಂತು ಎಲಿಫಳ ಮೂಲಕ ಕೇಳಿದರು: "ಇವರ ಕೈ ನಡುಗುತ್ತದೆಯೇ?"

"ಉಳುಕಿದೆ ಅಷ್ಟೇ," ಅಂದಳು ಪಾರ್ವತಿ.

ಉಸ್ತಾ ಹುಬ್ಬೆತ್ತಿ ಗದ್ದ ಮೇಲಕ್ಕೆ ಮಾಡಿದರು. ಈ ಸಲ ನಮಗಿಬ್ಬರಿಗೂ ಅರ್ಥವಾಯಿತು.

ಆಮೇಲೆ ಅವರು ಅಟ್ಟದಿಂದ ಒಂದು ದಪ್ಪ ಫೈಲು ಇಳಿಸಿ, ಅದರಿಂದ ಒಂದು ಹಳೇ ಹಾಳೆ ತೆಗೆದು ತೋರಿಸಿದರು. ಅದರ ತುಂಬ ನನ್ನ ಗೆರೆಗಳೇ. ಸ್ಪೇನ್ ದೇಶದವರು ಬೇಕೆಂದೇ ಕಾಗದವನ್ನು ಅಲ್ಲಾಡಿಸುತ್ತ ಮಲಗಿಸಿ ಹೀಗೆ ಅಲೆ ತರಿಸುತ್ತಾರಂತೆ. ಕಲಿಯಲು ವರ್ಷಗಳೇ ಬೇಕಂತೆ. ಉಸ್ತಾರಿಗೂ ಸರಿಯಾಗಿ ಬರುವುದಿಲ್ಲವಂತೆ.

"ಒಂದು ಕಡೆ ಗೆರೆ ಬಿದ್ದರೆ ಅದು ತಪ್ಪು. ಈ ತುದಿಯಿಂದ ಆ ತುದಿವರೆಗೂ ಬಿದ್ದರೆ ಅದು ಡಿಸೈನ್ ಅಂತಿದ್ದಾರೆ," ಅಂದಳು ಎಲಿಫ್. "ನಿಮ್ಮದು ತುದಿವರೆಗೂ ಇದೆಯಂತೆ."

ಹೊಗಳಿದರೋ, ಸಮಾಧಾನ ಹೇಳಿದರೋ ತಿಳಿಯಲಿಲ್ಲ. ಜರ್ಮನ್ ಮೇಡಮ್ಮು ಎರಡು ಹಾಳೆ ಕೇಳಿ ಇಸಿದುಕೊಂಡರು. ಆಗ ನಂಬಿದೆ. ಅವರಿಗೆ ನನ್ನ ಮೇಲೆ ಕರುಣೆ ಪಡುವ ಯಾವ ಕಾರಣವೂ ಇರಲಿಲ್ಲ.

ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ಅಂಗಡಿ ಉಳಿಯಿತು. ಸಂಜೆ ಪಾರ್ವತಿಯನ್ನು ದೋಣಿಯಲ್ಲಿ ಕರೆದುಕೊಂಡು ಹೋದೆ. ದೋಣಿ ಅಂದರೆ ಎರಡು ಅಂತಸ್ತಿನ ಸ್ಟೀಮರು, ಈ ದಡದಲ್ಲಿ ಯುರೋಪು, ಆ ದಡದಲ್ಲಿ ಏಷ್ಯಾ. ಜನ ದಿನಾ ಆಫೀಸಿಗೆ ಹೀಗೇ ಖಂಡ ದಾಟುತ್ತಾರೆ, ನಾವು ಅರಸೀಕೆರೆ ಪ್ಯಾಸೆಂಜರ್ ಹತ್ತಿದ ಹಾಗೆ.

"ನೋಡೇ, ಎಷ್ಟು ನೀರು!" ಅಂದೆ.

"ಬೋರನಕಣಿವೆ ಡ್ಯಾಮಿಗಿಂತ ದೊಡ್ಡದೇ ಬುಡಿ," ಅಂದಳು. ಅಷ್ಟರಲ್ಲಿ ಅಮ್ಮಸಂದ್ರದಿಂದ ಅವಳ ತಂಗಿಯ ವಿಡಿಯೊ ಕಾಲ್ ಬಂತು. "ಅಕ್ಕಾ, ಭಾವನ ಕೈ ಉಳುಕು ಹೋಯ್ತಾ?" ಅಂತ ತಂಗಿ ಕೇಳಿದ್ದು ಸ್ಟೀಮರಿನ ಅರ್ಧ ಜನಕ್ಕೆ ಕೇಳಿಸಿತು. "ವಾಸಿ ಕಣೇ, ವಾಸಿ," ಅಂದು ಪಾರ್ವತಿ ಫೋನಿಟ್ಟಳು.

ಆಮೇಲೆ ನನ್ನ ಬಲಗೈ ನೋಡಿ ಕೇಳಿದಳು: "ಎಣ್ಣೆ ಬುಟ್ಟು ಎರಡು ದಿನ ಆಯ್ತಲ್ಲ. ಜಾಸ್ತಿ ಆಗೈತಾ?"

"ಇಲ್ಲ."

"ಕಮ್ಮಿ?"

"ಅದೂ ಇಲ್ಲ. ಹಂಗೇ ಐತೆ."

"ಹಂಗಾರೆ ಒಂದ್ ವರ್ಷ ನಾನು ಉಜ್ಜಿದ್ದು ಯಾತಕ್ಕೂ ಬರ್ಲಿಲ್ಲ ಅನ್ನಿ," ಅಂದಳು.

ನನ್ನ ಖುಷಿಯೆಲ್ಲ ಇಳಿದುಹೋಯಿತು. ನನಗೆ ಕೈ ಹೇಗಿದ್ದರೂ ಕೆಲಸ ಸಿಕ್ಕಿದ್ದೇ ದೊಡ್ಡದಾಗಿತ್ತು. ಅವಳು ಕಾಯುತ್ತಿದ್ದದ್ದು ಕೆಲಸಕ್ಕಲ್ಲ. ಒಂದು ವರ್ಷದಿಂದ ದಿನಾ ಬೆಳಿಗ್ಗೆ, ಇವತ್ತು ನಿಲ್ಲುತ್ತದೆ, ನಾಳೆ ನಿಲ್ಲುತ್ತದೆ ಅಂತ ಕೈ ಹಿಡಿದು ಕೂತವಳಿಗೆ ಯಾರೋ ಮೀಸೆಯವರು ಬಂದು, ನಡುಕ ಚೆನ್ನಾಗಿದೆ, ಇರಲಿ ಬಿಡಿ ಅಂದಿದ್ದರು.

"ಉಜ್ಜಿದ್ದು ಚೆನ್ನಾಗಿತ್ತು ಕಣೇ," ಅಂದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಅಂಥ ಮಾತು ಹೇಳಿ ಅಭ್ಯಾಸವಿಲ್ಲ, ದೂರು ಹೇಳಿದ ಹಾಗೆ ಬಂತು. ಅವಳು ಸಮುದ್ರದ ಕಡೆ ತಿರುಗಿದಳು. ನಮ್ಮ ಕೈಯಲ್ಲಿದ್ದ ಎಳ್ಳಿನ ಬ್ರೆಡ್ಡನ್ನು ಒಂದು ಹಕ್ಕಿ ಕಿತ್ತುಕೊಂಡು ಹೋಯಿತು. ಇಬ್ಬರೂ ಬೈಯಲಿಲ್ಲ.

ಕೊನೆಯ ದಿನ

ಕೊನೆಯ ದಿನ ಪ್ರತಿಯೊಬ್ಬರೂ ಎಲ್ಲರ ಎದುರು ಒಂದು ಹಾಳೆ ಮಾಡಬೇಕು. ಉಸ್ತಾ ಅದರ ಹಿಂದೆ ಮಾಡಿದವರ ಹೆಸರು ಬರೆದು ಸಹಿ ಹಾಕಿ ಕೊಡುತ್ತಾರೆ. ಅದೇ ಅಲ್ಲಿಯ ಸರ್ಟಿಫಿಕೇಟು. ನನ್ನದನ್ನು ಕೊನೆಗೆ ಇಟ್ಟಿದ್ದರು. ಅಲೆ ತರಿಸುವುದನ್ನು ನೋಡಲಿ ಅಂತ ಊರಿನ ಇನ್ನೂ ಮೂವರು ಕಸುಬಿನವರನ್ನು ಕರೆಸಿದ್ದರು. ಒಬ್ಬರು ಕ್ಯಾಮೆರಾ ತಂದಿದ್ದರು.

ಒಂದು ವರ್ಷದಿಂದ ನಾನು ಜನ ಸುತ್ತ ನಿಂತು ನೋಡುವಾಗ ಬಲಗೈ ಜೇಬಿನಿಂದ ತೆಗೆದವನಲ್ಲ. ಅವತ್ತು ತೆಗೆದೆ. ನೀಲಿ ಚಿಮುಕಿಸಿದೆ, ಮೇಲೆ ಹಳದಿ, ಮೇಲೆ ಇಟ್ಟಿಗೆ ಕೆಂಪು. ಹನಿಗಳು ಚೆನ್ನಾಗಿ ಬಿದ್ದವು. ಕಾಗದ ಎತ್ತಿಕೊಂಡೆ. ಎಲ್ಲರೂ ಮುಂದಕ್ಕೆ ಬಾಗಿದರು. ಪಾರ್ವತಿ ಮಾತ್ರ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಬಲಮೂಲೆಯನ್ನು ನೀರಿಗೆ ತಾಗಿಸಿ ಮಲಗಿಸುತ್ತ ಹೋದೆ.

ಕೈ ನಡುಗಲಿಲ್ಲ.

ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ತುಮಕೂರಿನ ಡಾಕ್ಟರನ್ನು ಕೇಳಿದ್ದಕ್ಕೆ, ಒಮ್ಮೊಮ್ಮೆ ಹಾಗಾಗುತ್ತದೆ ಅಂದರು. ಕಾಗದ ಒಂದೇ ಹದದಲ್ಲಿ ಇಳಿದು ನೀರಿನ ಮೇಲೆ ಮಲಗಿತು. ನಡುಗು ಮಾರಾಯ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ವರ್ಷವಿಡೀ ಬೇಡ ಅಂದಾಗ ನಡುಗಿದ ಕೈ, ಬೇಕು ಅಂದಾಗ ಕಲ್ಲಿನ ಹಾಗೆ ನಿಂತಿತ್ತು. ಎತ್ತಿದರೆ ಒಂದು ಅಲೆಯಿಲ್ಲ, ಒಂದು ಗೆರೆಯಿಲ್ಲ. ಮೊದಲ ವಾರ ಕಲಿತವರು ಯಾರು ಬೇಕಾದರೂ ಮಾಡಬಹುದಾದ ಹಾಳೆ.

ಕ್ಯಾಮೆರಾದವರು ಕ್ಯಾಮೆರಾ ಇಳಿಸಿದರು. ಉಸ್ತಾ ನಾಲಿಗೆಯಿಂದ ಲೊಚ್ ಅಂತ ಶಬ್ದ ಮಾಡಿ, ಇದು ಬೇಡ, ಇನ್ನೊಂದು ಮಾಡಲಿ ಅಂದರು. ನಾನು ತಲೆ ಎತ್ತಿ ಪಾರ್ವತಿಯನ್ನು ನೋಡಿದೆ. ಅವಳು ಅಳುತ್ತಿದ್ದಳು. ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳದೆ, ಎಲ್ಲರೆದುರಿಗೇ ಅಳುತ್ತಿದ್ದಳು. ಕೆಟ್ಟುಹೋಯಿತಲ್ಲ ಅಂತ ಅಳುತ್ತಿದ್ದಾಳೆ ಅಂದುಕೊಂಡು ಜರ್ಮನ್ ಮೇಡಮ್ಮು ಅವಳ ಬೆನ್ನು ಸವರಿದರು.

ಎರಡನೆಯ ಹಾಳೆಗೆ ಕೈ ಎಂದಿನಂತೆ ನಡುಗಿತು. ಅಲೆ ಒಂದಕ್ಕಿಂತ ಒಂದು ಚೆನ್ನಾಗಿ ಬಂದವು. ಎಲ್ಲರೂ ಚಪ್ಪಾಳೆ ತಟ್ಟಿದರು, ಉಸ್ತಾ ಹಿಂದೆ ನನ್ನ ಹೆಸರು ಬರೆದರು. ಮೊದಲನೆಯದನ್ನು ಕಸದ ಬುಟ್ಟಿಗೆ ಹಾಕಲು ಹೋದಾಗ ಪಾರ್ವತಿ ಅಡ್ಡ ಬಂದಳು.

"ಅದು ನಂಗೆ ಕೊಡಿ," ಅಂದಳು.

ಎಲಿಫ್ ಹೇಳಿದಳು: "ಅದಕ್ಕೆ ಸಹಿ ಹಾಕುವುದಿಲ್ಲವಂತೆ. ಅದರಲ್ಲಿ ಏನೂ ಇಲ್ಲವಂತೆ."

"ಏನೂ ಇಲ್ಲ ಅಂತ್ಲೇ ಬೇಕಾಗಿರೋದು ಕಣವ್ವಾ," ಅಂದು ಇಸಿದುಕೊಂಡಳು.

ಮತ್ತೆ ತಿಪಟೂರು

ಈಗ ಅಂಗಡಿಯಲ್ಲಿ ನಾನು ಅಲೆಯ ಕಾಗದ ಮಾಡುತ್ತೇನೆ. ಗೋಂದಿನ ಬದಲು ಮೆಂತ್ಯದ ಲೋಳೆ, ಪಿತ್ತದ ಬದಲು ಅಂಟುವಾಳದ ನೀರು. ಎರಡೂ ಪಾರ್ವತಿಯ ತಲೆಗೆ ಹೊಳೆದದ್ದು. ಬೋರ್‌ವೆಲ್ ನೀರಿಗೆ ಬಣ್ಣ ಮೂರು ವಾರ ಮುಳುಗಿ ಮುಳುಗಿ, ಮಳೆನೀರು ಹಿಡಿದ ಮೇಲೆ ತೇಲಿತು. ಕತ್ತಿ, ಸೂಜಿ ಈಗ ಅವಳ ಕೈಯಲ್ಲಿವೆ. ನನಗಿಂತ ನೇರ ಕತ್ತರಿಸುತ್ತಾಳೆ, ಅದನ್ನು ದಿನಕ್ಕೊಂದು ಸಲ ಹೇಳುತ್ತಾಳೆ.

ಗೆರೆಯಿಲ್ಲದ ಆ ಹಾಳೆಗೆ ಗಾಜು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಹಾಕಿದ್ದಾಳೆ. ಸುತ್ತ ಇಷ್ಟೊಂದು ಅಲೆಯ ಕಾಗದ ನೇತಾಡುತ್ತಿದ್ದರೂ ಬಂದವರ ಕಣ್ಣು ಅದರ ಮೇಲೇ. ಹೋದ ವಾರ ಲೈಬ್ರರಿಯವರು ಬಂದು, ಆ ನಮೂನೆಯದೇ ಹತ್ತು ಹಾಳೆ ಬೇಕು ಅಂದರು.

"ಅದು ಒಂದೇ ಇರೋದು. ಮತ್ತೆ ಬರಲ್ಲ," ಅಂದಳು ಪಾರ್ವತಿ.

"ಯಾಕಮ್ಮ, ಇಷ್ಟೆಲ್ಲ ಮಾಡ್ತೀರಲ್ಲ, ಅದೇನು ಕಷ್ಟ?"

ನಾನು ಎಂದಿನಂತೆ ಕೈಯನ್ನು ಜೇಬಿಗೆ ಹಾಕಲು ಹೋದೆ. ಪಾರ್ವತಿ ಕತ್ತರಿಸುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಇವ್ರಿಗೆ ಕೈ ನಡುಗುತ್ತೆ ಕಣಪ್ಪ," ಅಂದಳು. "ಅವತ್ತೊಂದಿನ ನಿಂತಿತ್ತು."